ಲಾರಿ ಕೆಲಸಕ್ಕೆ ‘ಡಿಪಾಸಿಟ್’ ಕೇಳುವವರು ಮಾಲೀಕರಲ್ಲ

ಮಾನ್ಯರೇ,

‘ಹೊಸ ಹೆವಿ ಲೈಸೆನ್ಸ್ ಆಗಿದೆ, ಕೆಲಸ ಇದ್ದರೆ ತಿಳಿಸಿ’ ಎಂದು ಲೈಸೆನ್ಸಿನ ಫೋಟೊ, ಫೋನ್ ನಂಬರ್ ಸಮೇತ ಫೇಸ್‌ಬುಕ್ಕಿನ ಲಾರಿ ಗುಂಪುಗಳಲ್ಲಿ ಹಾಕುವ ಹುಡುಗರು ಬಹಳ. ಅದಕ್ಕೆ ಮೊದಲು ಉತ್ತರ ಕೊಡುವವರು ಲಾರಿ ಮಾಲೀಕರಲ್ಲ. ದೊಡ್ಡ ಲಾಜಿಸ್ಟಿಕ್ಸ್ ಕಂಪನಿಯ ಲೋಗೊ ಇಟ್ಟುಕೊಂಡ ವಾಟ್ಸ್‌ಆ್ಯಪ್ ನಂಬರಿನಿಂದ ಕರೆ ಬರುತ್ತದೆ: 14 ಚಕ್ರದ ಗಾಡಿ, ಅನುಭವ ಬೇಡ, ತಿಂಗಳಿಗೆ 45 ಸಾವಿರ, ಊಟ-ವಸತಿ ಕಂಪನಿಯದ್ದು. ಇಂಥ ಕರೆಗಳ ಒಳಗುಟ್ಟನ್ನು ಲಾರಿ ಲೈನಿನ ಒಳಗಿನವರಾಗಿ ನಾಲ್ಕು ಜನಕ್ಕೆ ತಿಳಿಸಲು ಈ ಪತ್ರ.

‘ಅನುಭವ ಬೇಡ’ ಎಂಬ ಮಾತಿನಲ್ಲೇ ಸುಳ್ಳು ಸಿಕ್ಕಿಬೀಳುತ್ತದೆ. ಸಾರಿಗೆ ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಕಳೆದಿರಬೇಕು, ಡ್ರೈವಿಂಗ್ ಸ್ಕೂಲಿನ ಫಾರಂ 5 ಪ್ರಮಾಣಪತ್ರ ಬೇಕು. ಸ್ಕೂಲಿನಲ್ಲಿ ಕನಿಷ್ಠ ತರಬೇತಿ 30 ದಿನ, ಅದರಲ್ಲಿ ಗಾಡಿ ಓಡಿಸುವುದು 15 ಗಂಟೆ. ಅದೂ ಸಾಮಾನ್ಯವಾಗಿ ಖಾಲಿ ಗಾಡಿಯಲ್ಲಿ. ಲೋಡಾದ ಗಾಡಿಯನ್ನು ಶಿರಾಡಿ ಘಾಟಿಯಲ್ಲಿ ಯಾವ ಗೇರಿನಲ್ಲಿ ಇಳಿಸಬೇಕು, ಬ್ರೇಕಿನ ಏರ್ ಪ್ರೆಷರ್ ಕಡಿಮೆಯಾದರೆ ಏನು ಮಾಡಬೇಕು, ಇಕ್ಕಟ್ಟಿನ ಗೋಡೌನ್ ಗೇಟಿಗೆ ಟ್ರೇಲರ್ ರಿವರ್ಸ್ ಹಾಕುವುದು ಹೇಗೆ, ಇವೆಲ್ಲ ಕ್ಲೀನರಾಗಿಯೋ ಸೆಕೆಂಡ್ ಡ್ರೈವರಾಗಿಯೋ ಓಡಾಡಿದ ಮೇಲೆ ಬರುವ ವಿದ್ಯೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಗಾಡಿ ಕಟ್ಟಿಸಿದ ಮಾಲೀಕ ಟ್ರಯಲ್ ನೋಡದೆ ಕೀ ಕೊಡುವುದಿಲ್ಲ. ಫೋನಿನಲ್ಲೇ ‘ಸೆಲೆಕ್ಟ್’ ಆದರೆ ಅಲ್ಲಿ ಗಾಡಿಯೇ ಇಲ್ಲ ಎಂದು ಲೆಕ್ಕ.

ಸೆಲೆಕ್ಟ್ ಆದ ಮೇಲೆ ದುಡ್ಡು ಕೇಳುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ರಿಜಿಸ್ಟ್ರೇಷನ್ ಎಂದು ಐನೂರೋ ಸಾವಿರವೋ. ಅದು ಬಿದ್ದ ಕೂಡಲೇ ಸೀಲು-ಸಹಿ ಇರುವ ಆಫರ್ ಲೆಟರ್ ಬರುತ್ತದೆ. ಹುಡುಗನ ಮನೆಯವರೂ ನಂಬುವುದು ಇಲ್ಲೇ. ಆಮೇಲೆ ಯೂನಿಫಾರಂ, ಮೆಡಿಕಲ್, ಪೊಲೀಸ್ ವೆರಿಫಿಕೇಷನ್, ಬಂದರಿನ ಗೇಟ್ ಪಾಸ್, ಜಿಪಿಎಸ್ ಡಿಪಾಸಿಟ್. ಪ್ರತಿಯೊಂದಕ್ಕೂ ‘ಮೊದಲ ಸಂಬಳದಲ್ಲಿ ವಾಪಸ್’ ಎಂಬ ಬಾಲ. ಹಣ ಹೋಗುವುದು ಕಂಪನಿ ಖಾತೆಗಲ್ಲ, ಯಾರದೋ ವೈಯಕ್ತಿಕ ಯುಪಿಐ ಐಡಿಗೆ. ಕೊನೆಗೆ ‘ಕೆಲಸ ಬೇಡವಾದರೆ ರೀಫಂಡ್ ಕೊಡುತ್ತೇವೆ, ಪ್ರೊಸೆಸಿಂಗ್ ಚಾರ್ಜ್ ಕಟ್ಟಿ’ ಎನ್ನುತ್ತಾರೆ. ಅದನ್ನೂ ಕಟ್ಟಿದವರಿದ್ದಾರೆ.

ನಮ್ಮ ಲೈನಿನಲ್ಲಿ ದುಡ್ಡು ಹರಿಯುವ ದಿಕ್ಕೇ ಬೇರೆ. ಡೀಸೆಲ್, ಟೋಲ್, ಬಾಟಾ (ಡ್ರೈವರ್‌ನ ಭತ್ಯೆ), ಲೋಡಿಂಗ್ ಮಾಮೂಲಿ ಎಲ್ಲವೂ ಮಾಲೀಕನಿಂದ ಡ್ರೈವರ್ ಕೈಗೆ ಟ್ರಿಪ್ ಅಡ್ವಾನ್ಸ್ ಆಗಿ ಬರುತ್ತದೆ. ಟ್ರಿಪ್ ಮುಗಿದ ಮೇಲೆ ಲೆಕ್ಕ. ಮಾಲೀಕರೆಲ್ಲ ಸಾಚಾ ಎಂದು ನಾವು ಹೇಳುತ್ತಿಲ್ಲ. ಸಂಬಳ ತಡೆಹಿಡಿಯುವವರು, ಟಯರ್ ಸಿಡಿದರೆ ಡ್ರೈವರ್ ಸಂಬಳದಲ್ಲಿ ಮುರಿದುಕೊಳ್ಳುವವರು ಇದ್ದಾರೆ. ಆದರೆ ಆ ಜಗಳವೆಲ್ಲ ಗಾಡಿ ಹತ್ತಿದ ಮೇಲಿನದು. ಸ್ಟೀರಿಂಗ್ ಮುಟ್ಟುವ ಮೊದಲೇ ಡ್ರೈವರ್ ಜೇಬಿಗೆ ಕೈಹಾಕುವ ಪದ್ಧತಿ ಅಸಲಿ ಕೆಲಸದಲ್ಲಿಲ್ಲ.

ಆಫರ್ ಲೆಟರಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಪರೀಕ್ಷಿಸಿ. ಅದು 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಕಂಪನಿಯ ಪ್ಯಾನ್. ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ಹೆಸರು, ವಿಳಾಸ ಸಿಗುತ್ತದೆ. ಆದರೆ ನಂಬರ್ ಸರಿಯಿದ್ದರೆ ಸಾಲದು, ಮೋಸಗಾರರು ಅಸಲಿ ಕಂಪನಿಯ ನಂಬರನ್ನೇ ಕದ್ದು ಹಾಕಿರುತ್ತಾರೆ. ಲೆಟರಿನಲ್ಲಿರುವ ಫೋನ್ ಬಿಟ್ಟು, ಕಂಪನಿಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಿ. ಅದಕ್ಕಿಂತ ಒಳ್ಳೆಯದು, ಬಸ್ಸಿಗೆ ಖರ್ಚು ಮಾಡಿಕೊಂಡು ಯಾರ್ಡಿಗೇ ಹೋಗಿ ಅಲ್ಲಿರುವ ಡ್ರೈವರ್ ಅಣ್ಣಂದಿರನ್ನು ವಿಚಾರಿಸುವುದು. ಟ್ಯಾಂಕರ್ ಕೆಲಸಕ್ಕೆ ‘ಒಂದೇ ದಿನದಲ್ಲಿ ಹಜಾರ್ಡಸ್ ಎಂಡಾರ್ಸ್‌ಮೆಂಟ್ (ಅಪಾಯಕಾರಿ ಸರಕು ಸಾಗಿಸುವ ಅನುಮತಿ) ಮಾಡಿಸಿಕೊಡುತ್ತೇವೆ’ ಎನ್ನುವವರನ್ನೂ ದೂರ ಇಡಿ. ಅದಕ್ಕೆ ಮೂರು ದಿನದ ತರಬೇತಿ ಬೇಕು, ಲೈಸೆನ್ಸಿನಲ್ಲಿ ಅದನ್ನು ನಮೂದಿಸುವುದು ಆರ್‌ಟಿಒ ಮಾತ್ರ.

ದುಡ್ಡಿಗಿಂತ ಹೆಚ್ಚು ಹಾನಿ ದಾಖಲೆಗಳಿಂದ. ಲೈಸೆನ್ಸ್, ಆಧಾರ್, ಪ್ಯಾನ್, ಸೆಲ್ಫಿ ಒಟ್ಟಿಗೆ ಕಳಿಸಿದರೆ ನಿಮ್ಮ ಹೆಸರಿನಲ್ಲಿ ಸಿಮ್ಮೋ ಸಾಲವೋ ಎತ್ತಲು ದಾರಿಯಾಯಿತು. ‘ಸಂಬಳದ ಖಾತೆ ತೆರೆಯುತ್ತೇವೆ’ ಎಂದು ಎಟಿಎಂ ಕಾರ್ಡ್, ಸಿಮ್ ಇಟ್ಟುಕೊಳ್ಳುವ ತಂಡಗಳೂ ಇವೆ. ಆ ಖಾತೆಯಲ್ಲಿ ಬೇರೆಯವರಿಂದ ದೋಚಿದ ಹಣ ಓಡಾಡುತ್ತದೆ. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ಹಾಗೆಯೇ ‘ಗಾಡಿ ನಿನ್ನ ಹೆಸರಲ್ಲೇ ಮಾಡಿಸುತ್ತೇವೆ, ಕಂತು ನಾವು ಕಟ್ಟುತ್ತೇವೆ’ ಎಂಬ ಮಾತಿಗೆ ಸಹಿ ಹಾಕಬೇಡಿ. ಅವರು ಕಂತು ನಿಲ್ಲಿಸಿದ ದಿನ ಫೈನಾನ್ಸ್‌ನವರು ಹುಡುಕುವುದು ನಿಮ್ಮನ್ನು.

ವಿದೇಶದ ಆಸೆ ತೋರಿಸುವವರದ್ದು ಇನ್ನೂ ದೊಡ್ಡ ವ್ಯವಹಾರ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 35,400. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಸೌದಿ, ಯುಎಇ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಚಾಲಕರಿಗೆ ಎಂಟನೇ ತರಗತಿಯ ಷರತ್ತೂ 2019ರಲ್ಲಿ ಹೋಗಿರುವುದರಿಂದ ಹೊಸ ಚಾಲಕರಲ್ಲಿ ಈ ವರ್ಗದವರು ಬಹಳಷ್ಟು. ಅನುಮತಿಯ ತಪಾಸಣೆ ತಪ್ಪಿಸಲೆಂದೇ ಏಜೆಂಟರು ‘ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎನ್ನುವುದು.

ನಮ್ಮ ಹೆವಿ ಲೈಸೆನ್ಸ್ ತೋರಿಸಿ ದುಬೈಯಲ್ಲಿ ಟ್ರಕ್ ಹತ್ತಲಾಗದು, ಅಲ್ಲಿನ ಪರೀಕ್ಷೆ ಪಾಸಾಗಿ ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು. ಪೋಲೆಂಡ್, ಲಿಥುವೇನಿಯಾ ಮುಂತಾದ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಲೈಸೆನ್ಸಿನ ಜೊತೆ ‘ಕೋಡ್ 95’ ಎಂಬ ವೃತ್ತಿ ಅರ್ಹತೆ ಬೇಕು. ತರಬೇತಿಯ ದಾರಿಯಲ್ಲಿ ಅದಕ್ಕೆ 280 ಗಂಟೆ, ಚುಟುಕು ಕೋರ್ಸಾದರೆ 140 ಗಂಟೆ. ಇದರ ಸುದ್ದಿಯೇ ಎತ್ತದ ಏಜೆಂಟನಿಗೆ ಟ್ರಕ್ಕೂ ಗೊತ್ತಿಲ್ಲ, ಯುರೋಪೂ ಗೊತ್ತಿಲ್ಲ. ಕೆನಡಾದ ಎಲ್‌ಎಂಐಎ (ವಿದೇಶಿ ಕೆಲಸಗಾರನನ್ನು ತೆಗೆದುಕೊಳ್ಳಲು ಬೇಕಾದ ಒಪ್ಪಿಗೆ) ಅರ್ಜಿಯ 1,000 ಡಾಲರ್ ಶುಲ್ಕ ಕೆಲಸ ಕೊಡುವವನದ್ದು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಭದ್ರತಾ ಸಿಬ್ಬಂದಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧದ ಮಧ್ಯೆ ಸಿಲುಕಿ 2024ರಲ್ಲಿ ಮರಳಿದ್ದು ಓದುಗರಿಗೆ ನೆನಪಿರಬಹುದು.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೋಸಗಾರರು ಹಣ ಬಿದ್ದ ಖಾತೆಯಿಂದ ಅದನ್ನು ತೆಗೆಯುವ ಮೊದಲು ದೂರು ಮುಟ್ಟಿದರೆ ಮಾತ್ರ ಬ್ಯಾಂಕ್ ತಡೆಹಿಡಿಯಲು ಸಾಧ್ಯ. ಯುಪಿಐ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ, ಹಣ ಪಡೆದ ಐಡಿ, ಫೋನ್ ನಂಬರ್ ಕೈಯಲ್ಲಿರಲಿ, ಚಾಟ್ ಅಳಿಸಬೇಡಿ. ಠಾಣೆಯಲ್ಲಿ ‘ನಮ್ಮ ವ್ಯಾಪ್ತಿ ಅಲ್ಲ’ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಝೀರೊ ಎಫ್‌ಐಆರ್ (ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲೂ ದಾಖಲಿಸಬಹುದಾದ ಎಫ್‌ಐಆರ್) ಕೇಳಬಹುದು. ವಂಚಿಸಿ ಹಣ ಕಿತ್ತುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 318(4)ರಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಐದಾರು ಸಾವಿರಕ್ಕೆ ಯಾರು ಠಾಣೆ ಅಲೆಯುತ್ತಾರೆ ಎಂದು ಸುಮ್ಮನಾಗುವವರೇ ಹೆಚ್ಚು. ಮೋಸಗಾರರು ಅಷ್ಟಷ್ಟೇ ಕೇಳುವುದೂ ಅದಕ್ಕೇ.

ಸಾರಿಗೆ ಇಲಾಖೆ ಲೈಸೆನ್ಸ್ ಮಂಜೂರಾದಾಗ ಕಳಿಸುವ ಎಸ್‌ಎಂಎಸ್‌ನಲ್ಲಿ ‘ಕೆಲಸಕ್ಕೆ ಮುಂಗಡ ಹಣ ಕೊಡಬೇಡಿ, ಮೋಸವಾದರೆ 1930’ ಎಂದು ಒಂದು ಸಾಲು ಸೇರಿಸಬಹುದು. ಡ್ರೈವಿಂಗ್ ಸ್ಕೂಲುಗಳು ಫಾರಂ 5 ಕೊಡುವಾಗ ಬಾಯಿಮಾತಿನಲ್ಲಿ ಹೇಳಿದರೂ ಆಯಿತು. ‘ಕೆಲಸ ಗ್ಯಾರಂಟಿ’ ಎಂದು ಬೋರ್ಡು ಬರೆಸುವ ಸ್ಕೂಲುಗಳಿಂದ ಇದನ್ನು ನಿರೀಕ್ಷಿಸುವುದು ಕಷ್ಟ, ಆ ಮಾತು ಬೇರೆ. ಲಾರಿ ಮಾಲೀಕರ ಸಂಘಗಳು ಯಶವಂತಪುರ, ನೆಲಮಂಗಲ, ಹುಬ್ಬಳ್ಳಿಯಂಥ ಕಡೆ ಡ್ರೈವರ್ ಬೇಕಾದ ಗಾಡಿಗಳ ಪಟ್ಟಿಯನ್ನು ಬೋರ್ಡಿನಲ್ಲಿ ಹಾಕಿ, ಹೊಸಬರನ್ನು ಕೆಲವು ತಿಂಗಳು ಸೆಕೆಂಡ್ ಡ್ರೈವರಾಗಿ ತೆಗೆದುಕೊಂಡರೆ ಹುಡುಗರು ಫೇಸ್‌ಬುಕ್ಕಿನಲ್ಲಿ ಅಂಗಲಾಚುವುದು ತಪ್ಪುತ್ತದೆ. ಇನ್ನು ಪತ್ರಿಕೆಗಳಿಗೂ ಒಂದು ವಿನಂತಿ: ‘ಡ್ರೈವರ್‌ಗಳು ಬೇಕಾಗಿದ್ದಾರೆ’ ಎಂಬ ವರ್ಗೀಕೃತ ಜಾಹೀರಾತು ಬರೀ ಮೊಬೈಲ್ ನಂಬರಿನೊಂದಿಗೆ ಬಂದರೆ, ಅಚ್ಚು ಹಾಕುವ ಮೊದಲು ಕಚೇರಿಯ ವಿಳಾಸ ಮತ್ತು ಒಂದು ಗಾಡಿಯ ಆರ್‌ಸಿ ಪ್ರತಿಯನ್ನು ಕೇಳಿ ಪಡೆಯಿರಿ.

– ಕೆಲವು ಲಾರಿ ಮಾಲೀಕರು ಮತ್ತು ಹಿರಿಯ ಚಾಲಕರು, ನೆಲಮಂಗಲ