ಭಾನುವಾರದ ಜಾವಾ ಕ್ಲಾಸು: ಅನೋಟೇಷನ್ ಮತ್ತು ರಿಫ್ಲೆಕ್ಷನ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಬಳ್ಳಾರಿ ಗಾಂಧಿನಗರದ ನಮ್ಮ ಎಂದಿನ ಕೋಣೆಯಲ್ಲಿ ಸೇರೋಣ. ಈ ಸಲ ಜಾವಾ ಪ್ರೋಗ್ರಾಮಿಂಗ್ ಭಾಷೆಯ ಎರಡು ವಿಷಯ: ಅನೋಟೇಷನ್ ಅಂದರೆ ಕೋಡಿಗೆ ಅಂಟಿಸುವ ಗುರುತು, ರಿಫ್ಲೆಕ್ಷನ್ ಅಂದರೆ ಪ್ರೋಗ್ರಾಂ ಓಡುವಾಗಲೇ ಕ್ಲಾಸು ಮತ್ತು ಅದರ ಫೀಲ್ಡುಗಳನ್ನು (ಕ್ಲಾಸಿನೊಳಗೆ ಮಾಹಿತಿ ಇಡುವ ಜಾಗ) ಇಣುಕಿ ನೋಡುವುದು. ಕ್ಲಾಸ್, ಆಬ್ಜೆಕ್ಟ್, ಇಂಟರ್‌ಫೇಸ್ ಮುಗಿಸಿದವರಿಗೆ ಮಾತ್ರ ಇದು. ಹೊಸಬರಿಗೆ ಬುಧವಾರದ ಬ್ಯಾಚ್ ಇದ್ದೇ ಇದೆ.

ಬರುವ ಮುಂಚೆ ಲ್ಯಾಪ್‌ಟಾಪಿಗೆ ಜಾವಾ 17 ಅಥವಾ 21 ಹಾಕಿಕೊಳ್ಳಿ. ‘ಕಡ್ಡಾಯ’ ಅಂತ ಒಂದು ಸ್ವಂತ ಅನೋಟೇಷನ್ ಬರೆದು, ವಿದ್ಯಾರ್ಥಿ ಕ್ಲಾಸಿನ ‘ಹೆಸರು’ ಫೀಲ್ಡಿನ ಮೇಲೆ ಇಡಿ. ಅದರ ರಿಟೆನ್ಷನ್ (ಅನೋಟೇಷನ್ ಎಲ್ಲಿಯವರೆಗೆ ಉಳಿಯಬೇಕು ಎನ್ನುವುದು) ‘ರನ್‌ಟೈಮ್’ ಎಂದು ಕೊಡಲೇಬೇಕು. ಏನೂ ಕೊಡದಿದ್ದರೆ ಜಾವಾ ‘ಕ್ಲಾಸ್’ ಎಂದುಕೊಳ್ಳುತ್ತದೆ. ಆಗ ಅನೋಟೇಷನ್ ಕ್ಲಾಸ್ ಫೈಲಿನಲ್ಲಿ ಉಳಿದರೂ ಪ್ರೋಗ್ರಾಂ ಓಡುವಾಗ ರಿಫ್ಲೆಕ್ಷನ್‌ಗೆ ಸಿಗುವುದಿಲ್ಲ. ಎರರ್ ಕೂಡ ಬರಲ್ಲ, ಸುಮ್ನೆ ತಲೆ ಕೆರೆದುಕೊಳ್ಳುತ್ತಾ ಕೂರಬೇಕು!

ಅನೋಟೇಷನ್ ತಾನಾಗಿ ಏನೂ ಮಾಡುವುದಿಲ್ಲ, ಅದು ಬರೀ ಚೀಟಿ. ಓದುವ ಕೋಡ್ ಬೇರೆ ಬೇಕು. ಭಾನುವಾರ ಅದನ್ನೇ ಬರೆಯೋಣ: ಕ್ಲಾಸಿನ ಫೀಲ್ಡುಗಳನ್ನೆಲ್ಲ ತೆಗೆದು, ‘ಕಡ್ಡಾಯ’ ಇದ್ದದ್ದು ಖಾಲಿಯಿದ್ದರೆ ಹೇಳುವ ಪುಟ್ಟ ವ್ಯಾಲಿಡೇಟರ್. ಜಾವಾ ಕೋಡ್ ಪರೀಕ್ಷಿಸುವ ಜೆಯೂನಿಟ್ ತನ್ನ ಟೆಸ್ಟುಗಳನ್ನು ಹುಡುಕುವುದೂ ಹೀಗೆಯೇ. ಪ್ರೈವೇಟ್ ಫೀಲ್ಡ್ (ಹೊರಗಿನ ಕೋಡಿಗೆ ಮುಚ್ಚಿದ್ದು) ಓದಲು ‘ಸೆಟ್ ಆಕ್ಸೆಸಿಬಲ್’ ಎಂಬ ಮೆಥಡ್ ಬೇಕು. ನಮ್ಮ ಕ್ಲಾಸಿಗೆ ನಡೆಯುತ್ತದೆ, ಜಾವಾದ ಒಳಗಿನ ಕ್ಲಾಸುಗಳಿಗೆ 17ರಲ್ಲಿ ಹಾಗೇ ನಡೆಯಲ್ಲ. ಅಂದ ಹಾಗೆ, ಎಲ್ಲದಕ್ಕೂ ರಿಫ್ಲೆಕ್ಷನ್ ಬಳಸುವ ಚಟ ಬೇಡ. ನೇರ ಕರೆಗಿಂತ ನಿಧಾನ, ಹೆಸರು ತಪ್ಪಿದರೆ ಕಂಪೈಲರ್ ಹೇಳುವುದೂ ಇಲ್ಲ.

ಎಕ್ಸ್‌ಟೆನ್ಷನ್ ಬೋರ್ಡ್ ಇದ್ದವರು ತನ್ನಿ, ಪ್ಲಗ್ ಕಡಿಮೆ ಇವೆ. ಹೊಸಪೇಟೆ, ಸಿರುಗುಪ್ಪದವರು ಬಸ್ ತಡವಾದರೆ ಇಲ್ಲೇ ಒಂದು ಮೆಸೇಜ್ ಹಾಕಿ. ಬರುವವರೆಲ್ಲ ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ತಿಳಿಸಿ, ಒಗ್ಗಾಣಿ-ಮಿರ್ಚಿಗೆ ಲೆಕ್ಕ ಹೇಳಬೇಕು.