ನಮ್ಮೆಜಮಾನ್ರ ಜೊತೆ ನಿಂತ ನಿಮ್ಮೆಲ್ರಿಗೂ

ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದ ನಮ್ಮೆಜಮಾನ್ರ ಪಿಎಸ್‌ಎ ರಿಪೋರ್ಟ್, ಅಂದ್ರೆ ಪ್ರಾಸ್ಟೇಟ್‌ಗೋಸ್ಕರ ಮಾಡೋ ರಕ್ತ ಪರೀಕ್ಷೆ ರಿಪೋರ್ಟ್, ಬಂತು. 0.01ಕ್ಕಿಂತ ಕಮ್ಮಿ. ಆಪರೇಷನ್‌ಗೆ ಮುಂಚೆ 11 ಇತ್ತು. ಗಂಡಸ್ರಿಗೆ ಮೂತ್ರಕೋಶದ ಕೆಳಗಿರೋ ಈ ಪ್ರಾಸ್ಟೇಟ್ ಗ್ರಂಥಿ ಪೂರ್ತಿ ತೆಗೆದ್ಮೇಲೆ ಇದು ಹತ್ತತ್ರ ಸೊನ್ನೆಗೆ ಇಳೀಬೇಕು, ಮುಂದೆ ಯಾವತ್ತಾದ್ರೂ 0.2 ದಾಟಿದ್ರೆ ಮತ್ತೆ ನೋಡ್ಬೇಕಾಗುತ್ತೆ ಅಂತ ಡಾಕ್ಟ್ರು ಹೇಳಿದ್ರು, ಹಾಗಾಗಿ ಲ್ಯಾಬ್‌ನಿಂದ ಮೆಸೇಜ್ ಬಂದಾಗ ಕೈ ನಡುಗ್ತಿತ್ತು. ಮಂಡ್ಯದಲ್ಲಿ, ಮೈಸೂರಲ್ಲಿ ನಮಗೋಸ್ಕರ ಓಡಾಡಿದ ಒಬ್ಬೊಬ್ರಿಗೂ ಫೋನ್ ಮಾಡಿ ಹೇಳೋಣ ಅಂದ್ರೆ ಗಂಟಲು ಕಟ್ಕೊಳ್ಳುತ್ತೆ, ಅದಕ್ಕೇ ಬರೀತಿದೀನಿ.

ಮೊದಲನೇ ನಮಸ್ಕಾರ ನಮ್ಮ ಮಂಡ್ಯದ ಡಾಕ್ಟ್ರಿಗೆ. ಇವ್ರು ಹೋಗಿದ್ದು ಶುಗರ್ ಚೆಕ್ ಮಾಡ್ಸೋಕೆ. ಉರಿ ಇಲ್ಲ, ನೋವಿಲ್ಲ, ಗದ್ದೆ ಕೆಲ್ಸ ಎಂದಿನಂತೆ ನಡೀತಿತ್ತು. ವಯಸ್ಸು ಅರವತ್ತು ದಾಟಿದೆ, ಇದೊಂದೂ ನೋಡ್ಬಿಡೋಣ ಅಂತ ಚೀಟೀಲಿ ಪಿಎಸ್‌ಎ ಅಂತ ಬರೆದ್ರಲ್ಲ, ಅಲ್ಲಿಂದಲೇ ಎಲ್ಲ ಗೊತ್ತಾಗಿದ್ದು. ನಂಬರ್ ಜಾಸ್ತಿ ಬಂದಾಗ್ಲೂ ಹೆದರಿಸ್ಲಿಲ್ಲ, ಗ್ರಂಥಿ ಊದ್ಕೊಂಡ್ರೂ ಇನ್‌ಫೆಕ್ಷನ್ ಆದ್ರೂ ಏರುತ್ತೆ, ಇದೊಂದ್ರಿಂದ ಕ್ಯಾನ್ಸರ್ ಅಂತ ಹೇಳೋಕಾಗಲ್ಲ ಅಂದ್ರು. ಎಂಆರ್‌ಐ, ಬಯಾಪ್ಸಿ ಎಲ್ಲ ಆಗಿ ಗ್ಲೀಸನ್ 3+4, ಅಂದ್ರೆ ಮಧ್ಯಮ ತೀವ್ರತೆಯ ಕ್ಯಾನ್ಸರ್ ಅಂತ ಬಂತು, ಸ್ಕ್ಯಾನ್‌ನಲ್ಲಿ ಹೊರಗೆಲ್ಲೂ ಹರಡಿರ್ಲಿಲ್ಲ.

ಮೈಸೂರಿನ ಸರ್ಜನ್ ಸರ್, ನೀವು ನನ್ನನ್ನ ಹೊರಗೆ ಕೂರಿಸ್ಲಿಲ್ಲ. ಅಕ್ಕ ನೀವೂ ಬನ್ನಿ ಅಂತ ಕರೆದು ಪೇಪರ್ ಮೇಲೆ ಚಿತ್ರ ಬರೆದ್ರಿ, ಅಕ್ರೋಟ್ ಗಾತ್ರದ ಗ್ರಂಥಿ, ಅದರ ಎರಡೂ ಕಡೆ ಅಂಟ್ಕೊಂಡೇ ಹೋಗೋ ಸಣ್ಣ ನರಗಳು, ಆದಷ್ಟು ಉಳಿಸ್ತೀನಿ, ಆದ್ರೂ ದಾಂಪತ್ಯ ಮೊದಲಿನ ಹಾಗಾಗೋಕೆ ವರ್ಷ ಎರಡು ವರ್ಷ ಹಿಡೀಬಹುದು, ಪೂರ್ತಿ ಆಗ್ದೇನೂ ಇರಬಹುದು ಅಂತ ಇಬ್ಬರ ಮುಖಾನೂ ನೋಡಿ ಹೇಳಿದ್ರಿ. ರೇಡಿಯೇಷನ್ ದಾರಿನೂ ಇದೆ ಅಂತ ವಿವರಿಸಿ ಯೋಚನೆ ಮಾಡೋಕೆ ಟೈಮ್ ಕೊಟ್ರಿ. ಆ ದಿನ ನೀವು ಅಷ್ಟು ಬಿಡಿಸಿ ಹೇಳ್ದೇ ಇದ್ದಿದ್ರೆ ಆಮೇಲೆ ನಾವಿಬ್ರೂ ಆ ವಿಷಯ ಬಾಯಿಬಿಟ್ಟು ಮಾತಾಡ್ತಾನೇ ಇರ್ಲಿಲ್ಲ.

ರಕ್ತ ಕೊಡೋಕೆ ಊರಿಂದ ಬಂದ ಹುಡುಗ್ರಿಗೆ, ಕೇಳೋಕೆ ಮುಂಚೆನೇ ಸಾಲ ಬರೆದುಕೊಟ್ಟ ನಮ್ಮ ಸಂಘದ ಹೆಂಗಸ್ರಿಗೆ ನಾನು ಋಣಿ. ವಿ.ಸಿ. ನಾಲೆ ನೀರು ನಮ್ಮ ಪಾಳಿಗೆ ಬಂದ ರಾತ್ರಿಗಳಲ್ಲಿ ಟಾರ್ಚ್ ಹಿಡ್ಕೊಂಡು ಹೋಗಿ ನಮ್ಮ ಕಬ್ಬಿಗೆ ನೀರು ತಿರುಗಿಸಿದ ಪಕ್ಕದ ಗದ್ದೆಯೋರಿಗೂ ಅಷ್ಟೇ. ಭಾರ ಎತ್ತಂಗಿಲ್ಲ, ತಿಣುಕಂಗಿಲ್ಲ ಅಂತ ಹೇಳಿ ಕಳಿಸಿದ್ರು, ಗದ್ದೆ ಏನಾಯ್ತೋ ಅನ್ನೋ ಚಿಂತೆ ಒಂದು ಇರ್ಲಿಲ್ವಲ್ಲ, ಅದಕ್ಕೇ ಇವ್ರು ಮನೇಲಿ ನಿಂತ್ರು.

ವಾರ್ಡ್‌ನ ಆ ಸಿಸ್ಟರ್ ಹೆಸರು ಇಲ್ಲಿ ಬರೆಯಲ್ಲ, ಓದಿದ್ರೆ ಅವ್ರಿಗೇ ಗೊತ್ತಾಗುತ್ತೆ. ಕ್ಯಾತಿಟರ್, ಅಂದ್ರೆ ಮೂತ್ರ ಹೋಗೋ ಟ್ಯೂಬ್, ಹಾಕೇ ಮನೆಗೆ ಕಳಿಸ್ತಾರೆ ಅಂದಾಗ ನನಗೆ ಕೈಕಾಲೇ ಆಡ್ಲಿಲ್ಲ. ಬ್ಯಾಗ್ ಯಾವಾಗ್ಲೂ ಹೊಟ್ಟೆಗಿಂತ ಕೆಳಗಿರ್ಬೇಕು, ಟ್ಯೂಬ್ ತೊಡೆಗೆ ಪ್ಲಾಸ್ಟರ್ ಹಾಕಿ ನಿಲ್ಲಿಸ್ಬೇಕು, ಎಳೆದಾಡ್ಬಾರ್ದು, ಬಣ್ಣ ಸ್ವಲ್ಪ ಕೆಂಪಗಾದ್ರೆ ನೀರು ಜಾಸ್ತಿ ಕುಡಿಸಿ, ರಕ್ತದ ಗಡ್ಡೆ ಬಂದ್ರೆ ಅಥವಾ ಹರಿಯೋದು ನಿಂತ್ರೆ ಹೊತ್ತು ನೋಡ್ದೇ ಫೋನ್ ಮಾಡಿ ಅಂತ ನನ್ನ ಕೈಲೇ ಮಾಡ್ಸಿ ಕಲಿಸಿದ್ರು. ಕಾರಿಡಾರ್‌ನಲ್ಲಿ ಬ್ಯಾಗ್ ಹಿಡ್ಕೊಂಡು ನಡೆಯೋಕೆ ಇವ್ರು ಒಪ್ತಾ ಇರ್ಲಿಲ್ಲ, ಆಗ ಆ ಸಿಸ್ಟರ್ರೇ ಎಲ್ಲಿಂದ್ಲೋ ಸೀರೆ ಅಂಗಡಿ ಬಟ್ಟೆ ಚೀಲ ತಂದು ಅದರೊಳಗೆ ಇಟ್ಟು ಕೈಗೆ ಕೊಟ್ರು. ಮರುಕ್ಷಣ ಎದ್ದು ನಡೆದ್ರು ನಮ್ಮೋರು.

ಕ್ಯಾತಿಟರ್ ತೆಗೆಯೋವರೆಗೂ ಕುವೆಂಪುನಗರದ ನಾದಿನಿ ಮನೇಲಿದ್ವಿ. ಹೊಟ್ಟೆ ಕಟ್ಬಾರ್ದು ಅಂತ ದಿನಾ ಸೊಪ್ಪು, ಪಪ್ಪಾಯ, ಇವ್ರು ಕೇಳಿದಾಗೆಲ್ಲ ಮೆತ್ತನೆ ಮುದ್ದೆ ಬಸ್ಸಾರು. ಅವಳಿಗೆ ಥ್ಯಾಂಕ್ಸ್ ಅಂದ್ರೆ ಬೈತಾಳೆ, ಆದ್ರೂ ಹೇಳ್ತೀನಿ.

ನಿಜವಾಗಿ ಕಷ್ಟ ಆಗಿದ್ದು ಟ್ಯೂಬ್ ತೆಗೆದ್ಮೇಲೆ. ಕೆಮ್ಮಿದ್ರೆ, ಕೂತೋರು ಎದ್ರೆ, ನಕ್ರೆ ಮೂತ್ರ ಸೋರಿ ಒದ್ದೆ. ಹೀಗಾಗುತ್ತೆ ಅಂತ ಡಾಕ್ಟ್ರು ಹೇಳಿದ್ರೂ ಮನಸ್ಸು ಒಪ್ಬೇಕಲ್ಲ, ಇವ್ರು ಮಾತು ನಿಲ್ಸಿದ್ರು, ಯಾರು ಬಂದ್ರೂ ರೂಮ್ ಬಾಗ್ಲು ಹಾಕ್ಕೊಳ್ಳೋರು. ಆಗ ಬಂದೋರು ಶ್ರೀರಂಗಪಟ್ಟಣದ ಆ ಹಿರಿಯರು, ಪರಿಚಯದೋರಿಂದ ವಿಷ್ಯ ತಿಳ್ಕೊಂಡು ಬಸ್ ಹತ್ತಿ ಬಂದಿದ್ರು, ನಮಗೆ ನೆಂಟರೂ ಅಲ್ಲ. ಬಂದು ಕೂತು, ನಂಗೂ ಇದೇ ಆಪರೇಷನ್ ಆಗಿದೆ ಕಣಪ್ಪಾ, ತಿಂಗಳುಗಟ್ಲೆ ಪ್ಯಾಡ್ ಹಾಕ್ಕೊಂಡೇ ಓಡಾಡ್ದೆ, ಮೊಮ್ಮಗಳ ನಾಮಕರಣಕ್ಕೂ ಹಾಕ್ಕೊಂಡೇ ಹೋಗಿದ್ದೆ ಅಂದ್ರು. ನಾನು ಬಾಗ್ಲಲ್ಲೇ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ, ಗಂಡಸೊಬ್ರು ಇನ್ನೊಬ್ಬ ಗಂಡಸಿಗೆ ಈ ಮಾತು ಹೇಳಿದ್ದು ನನ್ನ ಜೀವಮಾನದಲ್ಲಿ ಕೇಳಿದ್ದು ಅದೇ ಮೊದಲು. ಇವ್ರು ಆಮೇಲೆ ಒಂದೊಂದಾಗಿ ಕೇಳ್ತಾ ಹೋದ್ರು, ರಾತ್ರಿ ಹೇಗೆ, ಬಸ್ಸಲ್ಲಿ ಹೇಗೆ ಅಂತ. ಸ್ವಾಮಿ, ನಮ್ಮೋರು ನನಗೂ ಹೇಳ್ದೇ ಒಳಗಿಟ್ಟಿದ್ದೆಲ್ಲ ಅವತ್ತು ನಿಮ್ಮ ಮುಂದೆ ಹೊರಗೆ ಬಂತು.

ಮಾರನೇ ದಿನದಿಂದ ಫಿಸಿಯೋ ಮೇಡಂ ಹೇಳ್ಕೊಟ್ಟ ಕೀಗಲ್ ಎಕ್ಸರ್‌ಸೈಜ್ ತಪ್ಪಿಸ್ಲಿಲ್ಲ. ಮೂತ್ರ ತಡೆಯೋ ಹಾಗೆ ಒಳಗೆ ಬಿಗಿ ಹಿಡಿಯೋದು, ಐದು ಎಣಿಸೋದು, ಬಿಡೋದು, ಹೊಟ್ಟೆ ತೊಡೆ ಬಿಗಿ ಮಾಡಂಗಿಲ್ಲ, ಉಸಿರು ಕಟ್ಟಂಗಿಲ್ಲ. ನಿಧಾನಕ್ಕೆ ಹಗಲಿನ ಪ್ಯಾಡ್ ಕಮ್ಮಿ ಆದ್ವು, ಈಗ ದೂರ ಹೋಗೋವಾಗ ಮಾತ್ರ ಒಂದು ಇಟ್ಕೋತಾರೆ. ಮೊನ್ನೆ ಗದ್ದೆಗೆ ಹೋಗಿ ಬದು ಮೇಲೆ ಪೂರ್ತಿ ಒಂದು ಸುತ್ತು ಬಂದ್ರು.

ಮುಂದಿನ ಟೆಸ್ಟ್ ಮೂರು ತಿಂಗಳಿಗೆ ಇದೆ. ನಮ್ಮ ಹತ್ರ ಒಡೆಯದ ಪ್ಯಾಡ್ ಪ್ಯಾಕೆಟ್‌ಗಳು ಉಳ್ಕೊಂಡಿವೆ, ದೊಡ್ಡೋರ ಡೈಪರ್ ಲಾರ್ಜ್ ಸೈಜ್‌ದೂ ಇದೆ. ಮಂಡ್ಯ ಮೈಸೂರು ಕಡೆ ಯಾರಿಗಾದ್ರೂ ಬೇಕಿದ್ರೆ ನನಗೆ ಮೆಸೇಜ್ ಮಾಡಿ, ತಲುಪಿಸ್ತೀವಿ. ಆಪರೇಷನ್ ಆಗ್ಬೇಕಾಗಿರೋರು ಮಾತಾಡ್ಬೇಕು ಅಂದ್ರೆ ಯಜಮಾನ್ರೇ ಬಂದು ಕೂತು ಮಾತಾಡ್ತಾರಂತೆ, ಇದನ್ನೂ ಬರೆದುಬಿಡು ಅಂತ ಅವ್ರೇ ಹೇಳಿದ್ದು.