ಹಕ್ಕಾ ಜನರ ಮೂಲ ಬರೀ ದಂಡಿನಲ್ಲಿಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ದಕ್ಷಿಣ ಚೀನಾದ ಹಕ್ಕಾ ಜನರ ಬಗ್ಗೆ ಬಂದ ಲೇಖನ ಓದಿದೆ. ಹಕ್ಕಾ ನೂಡಲ್ಸ್ ತಿನ್ನುವ ನಮ್ಮ ಮಕ್ಕಳಿಗೆ ಆ ಹೆಸರಿನ ಹಿಂದೆ ಒಂದು ಜನವೇ ಇದೆ ಅಂತ ತಿಳಿಯಿತು, ಸಂತೋಷ. ಆದರೆ ಚೀನಾವನ್ನು ಮೊದಲು ಒಗ್ಗೂಡಿಸಿದ ಚಿನ್ ಚಕ್ರವರ್ತಿ ದಕ್ಷಿಣಕ್ಕೆ ಕಳಿಸಿದ 5 ಲಕ್ಷ ಸೈನಿಕರ ಮಕ್ಕಳು, ಮೊಮ್ಮಕ್ಕಳೇ ಹಕ್ಕಾಗಳು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ.

ದಂಡು ಹೋಗಿದ್ದು ನಿಜ. ದಕ್ಷಿಣದ ಮೂಲನಿವಾಸಿಗಳಾದ ಯುವೆ ಜನರ ಆ ನಾಡು ಸುಲಭಕ್ಕೆ ಬಗ್ಗಲಿಲ್ಲ. ದಂಡನಾಯಕ ತೂ ಸೂಯಿಯನ್ನೇ ಅವರು ಕೊಂದರು. ದವಸ ಸಾಗಿಸಲು ಲಿಂಗ್‌ಚೂ ಕಾಲುವೆ ತೋಡಬೇಕಾಯಿತು. ಕ್ರಿ.ಪೂ. 214ರಲ್ಲಿ ನಾಡು ಕೈಸೇರಿತು. 5 ಲಕ್ಷ ಅನ್ನುವುದು ಸುಮಾರು 75 ವರ್ಷಗಳ ನಂತರದ ಗ್ರಂಥದ ಮಾತು. ಅದನ್ನು ಜನಗಣತಿಯ ಹಾಗೆ ಓದಬಾರದು.

ಕ್ರಿ.ಪೂ. 214ರಲ್ಲಿ ಅಲ್ಲಿಗೆ ಕಳಿಸಿದ್ದು ಯಾರನ್ನು? ಇತಿಹಾಸಕಾರ ಸಿಮಾ ಚಿಯೆನ್ ಮೂರು ಬಗೆಯವರನ್ನು ಹೆಸರಿಸುತ್ತಾನೆ: ತಲೆತಪ್ಪಿಸಿಕೊಂಡವರು, ವ್ಯಾಪಾರಿಗಳು ಮತ್ತು ಮನೆ ಅಳಿಯಂದಿರು. ಹೌದು, ಮನೆ ಅಳಿಯಂದಿರು! ಸ್ವಂತ ಸಂಸಾರ ಹೂಡುವ ಶಕ್ತಿಯಿಲ್ಲದೆ ಮಾವನ ಮನೆಯಲ್ಲಿ ದುಡಿಯುತ್ತಿದ್ದ ಬಡವರು. ರಾಜ್ಯಕ್ಕೆ ಬೇಡವಾದವರನ್ನೆಲ್ಲ ಗಡಿಗೆ ಅಟ್ಟಿದರು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಅವರ ಅಧಿಕಾರಿ ಝಾವೊ ತುವೊ, ಸೈನಿಕರ ಬಟ್ಟೆ ಹೊಲಿಯಲು ಗಂಡನಿಲ್ಲದ 30,000 ಹೆಂಗಸರನ್ನು ಕಳಿಸಿ ಎಂದು ಕೇಳಿದನಂತೆ. ಚಕ್ರವರ್ತಿ ಒಪ್ಪಿದ್ದು 15,000ಕ್ಕೆ. ಉಳಿದ ಗಂಡಸರು ಅಲ್ಲಿನ ಯುವೆ ಹೆಣ್ಣುಮಕ್ಕಳ ಜೊತೆಯೇ ಸಂಸಾರ ಕಟ್ಟಿರಬೇಕು, ಅಲ್ವಾ? ಝಾವೊ ತುವೊ ತಾನೇ ಮುಂದೆ ಅಲ್ಲಿ ರಾಜನಾದ. ಕ್ರಿ.ಪೂ. 196ರಲ್ಲಿ, ಚಿನ್ ನಂತರ ಬಂದ ಹಾನ್ ರಾಜವಂಶದ ರಾಯಭಾರಿ ಬಂದಾಗ ಯುವೆ ಜನರ ಹಾಗೆ ತುರುಬು ಕಟ್ಟಿ, ಕಾಲು ಚಾಚಿ ಕೂತಿದ್ದ. ಅಷ್ಟು ಬೇಗ ಬೆರೆತುಹೋಗಿದ್ದರು.

ಅವನು ಮೊದಲು ಅಧಿಕಾರಿಯಾಗಿದ್ದ ಲಾಂಗ್‌ಚುವಾನ್ ಈಗ ಹಕ್ಕಾ ಸೀಮೆ. ಅಲ್ಲಿನ ಪುಟ್ಟ ಊರು ತುವೊಚೆಂಗ್‌ನಲ್ಲಿ ನೂರಕ್ಕೂ ಜಾಸ್ತಿ ಮನೆತನದ ಹೆಸರುಗಳಿವೆ. ಹತ್ತೂರ ಸೈನಿಕರು ನೆಲೆಸಿದ್ದರ ಗುರುತು ಇದು ಎಂದು ಊರವರು ಹೇಳುತ್ತಾರೆ. ಆ ನೆನಪಿಗೆ ಬೆಲೆ ಇದೆ. ಆದರೆ 1933ರಲ್ಲಿ ಹಕ್ಕಾ ವಲಸೆಗಳನ್ನು ಐದಾಗಿ ವಿಂಗಡಿಸಿದ ವಿದ್ವಾಂಸ ಲುವೊ ಶಿಯಾಂಗ್‌ಲಿನ್, ಎಣಿಕೆ ಶುರು ಮಾಡಿದ್ದು ಕ್ರಿ.ಶ. 4ನೇ ಶತಮಾನದಿಂದ, ಅಂದರೆ ಆ ದಂಡು ಹೋಗಿ 500 ವರ್ಷಗಳಾದ ಮೇಲೆ. ಆಮೇಲೆ 9ನೇ ಶತಮಾನದ ಹುವಾಂಗ್ ಚಾವೊ ದಂಗೆಗೆ ಹೆದರಿ ಬಂದವರು, 13ನೇ ಶತಮಾನದಲ್ಲಿ ಸಾಂಗ್ ರಾಜ್ಯ ಕುಸಿದಾಗ ಬಂದವರು ಸೇರಿಕೊಂಡರು. ಅವರೆಲ್ಲ ಬೆಟ್ಟ ಹತ್ತಿದಾಗ ಅಲ್ಲಿ ಷೆ ಜನ ಮೊದಲೇ ಬೇಸಾಯ ಮಾಡಿಕೊಂಡಿದ್ದರು. ಹಕ್ಕಾ ಹೆಂಗಸರು, ಪಾದ ಚಿಕ್ಕದಾಗಲೆಂದು ಬಿಗಿಯಾಗಿ ಕಟ್ಟುವ ಆಗಿನ ಚೀನೀ ಪದ್ಧತಿ ಪಾಲಿಸದೆ, ಗದ್ದೆಗಿಳಿದು ದುಡಿದಿದ್ದೂ ಈ ಬೆಟ್ಟದ ಬದುಕಿನಲ್ಲೇ.

ಇನ್ನು ಹೆಸರು. ಹಕ್ಕಾ ಎಂದರೆ 'ಅತಿಥಿ ಮನೆಯವರು'. 1661ರಲ್ಲಿ, ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಸರ್ಕಾರ ದಕ್ಷಿಣ ಕರಾವಳಿ ಖಾಲಿ ಮಾಡಿಸಿತ್ತು. 1669ರಲ್ಲಿ ಆ ಆಜ್ಞೆ ಸಡಿಲವಾದ ಮೇಲೆ ಬೆಟ್ಟದಿಂದ ಇಳಿದು ಬಂದವರಿಗೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. 1855ರಿಂದ 1867ರವರೆಗೆ 'ಮೂಲದವರು, ಅತಿಥಿಗಳು' ಎಂದೇ ದೊಡ್ಡ ಹೊಡೆದಾಟ ನಡೆಯಿತು. ಎಷ್ಟೋ ಜನ ಕಡಲು ದಾಟಿದರು. ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದವರೂ ಹಕ್ಕಾಗಳೇ. ನಮ್ಮ ತಟ್ಟೆಗೆ ಆ ಹೆಸರು ಬಂದದ್ದು ಅವರಿಂದ.

ಲೇಖನದ ಎರಡನೇ ಕಂತು ಮುಂದಿನ ವಾರ ಬರುತ್ತದೆ ಎಂದಿದ್ದೀರಿ. ಅದರಲ್ಲಿ ಆ 15,000 ಹೆಂಗಸರ ಬಗ್ಗೆ, ಷೆ ಜನರ ಬಗ್ಗೆ ಒಂದು ಪ್ಯಾರಾವಾದರೂ ಬರಲಿ.

– ನಿವೃತ್ತ ಇತಿಹಾಸ ಶಿಕ್ಷಕಿ, ತುಮಕೂರು